ಮಗು ಮಲಗಿದರೂ ಮಗಳಿಗೆ ನಿದ್ದೆ ಇಲ್ಲ: ಇದು ಬಾಣಂತಿ ಸನ್ನಿಯಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಅರಸೀಕೆರೆ ಹತ್ತಿರ ಒಂದು ಹಳ್ಳಿ. ಮಗಳಿಗೆ 27 ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಈಗ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಳೆ. ಸಿಸೇರಿಯನ್ ಆಗಿ ಹೆಣ್ಣು ಮಗು. ಹತ್ತು ವಾರ ಆಯ್ತು. ಮಗು ಗುಂಡಗೆ ಚೆನ್ನಾಗಿದೆ, ಮಗಳೇ ಸೊರಗಿದ್ದಾಳೆ. ಮೊದಲ ವಾರ ಅತ್ತಳು, ಎಲ್ಲರಿಗೂ ಆಗುತ್ತೆ ಅಂದುಕೊಂಡೆ. ಈಗಲೂ ಅಳುತ್ತಾಳೆ. ಮಗು ಮಲಗಿದರೂ ಇವಳು ಮಲಗಲ್ಲ. ಎದ್ದೆದ್ದು ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡ್ತಾಳೆ. ಮಗು ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತಲ್ಲ, 'ಕೈ ಜಾರಿಬಿಟ್ಟರೆ' ಅಂತಾಳೆ. ಮೊನ್ನೆ 'ನಾನಿಲ್ಲದಿದ್ದರೇ ಇದಕ್ಕೆ ಒಳ್ಳೇದು' ಅಂದಳು. ನನಗೂ ಸಿಟ್ಟು ಬಂತು, 'ನಾವೂ ಮೂರು ಹೆತ್ತಿದ್ದೀವಿ' ಅಂತ ಅಂದುಬಿಟ್ಟೆ. ಆಮೇಲೆ ನನ್ನ ಹತ್ತಿರ ಮಾತೇ ಕಮ್ಮಿ. ನಮ್ಮ ಯಜಮಾನರು 'ಗಂಡನ ಮನೆಗೆ ಕಳಿಸು, ಜವಾಬ್ದಾರಿ ಬಂದರೆ ಸರಿಹೋಗ್ತಾಳೆ' ಅಂತಾರೆ. ನಾದಿನಿ ಗಾಳಿ ಸೋಕಿದೆ, ದಾರ ಕಟ್ಟಿಸಿ ಅಂತಾಳೆ. ಇದು ಬಾಣಂತಿ ಸನ್ನಿಯಾ? ಮಾತ್ರೆ ತಗೊಂಡರೆ ಹಾಲು ಬಿಡಿಸಬೇಕಾ? ಬೀಗರಿಗೆ ಹೇಳಬೇಕಾ, ಮುಚ್ಚಿಡಬೇಕಾ?

ಉತ್ತರ: ಅಮ್ಮ, ನಮಸ್ಕಾರ.

ನಿಮ್ಮ ಮೂರೂ ಪ್ರಶ್ನೆಗೆ ಬರುತ್ತೇನೆ. ಅದಕ್ಕೂ ಮೊದಲು ನೀವು ಪ್ರಶ್ನೆ ಅಂತ ಕೇಳದೇ ಇರುವ ಒಂದು ಮಾತಿದೆ. 'ನಾನಿಲ್ಲದಿದ್ದರೇ ಇದಕ್ಕೆ ಒಳ್ಳೇದು.' ಈ ಮಾತು ಬರೆದು, ಮರುಸಾಲಿಗೇ ನಿಮ್ಮ ಸಿಟ್ಟಿನ ಕಡೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ.

ಇವತ್ತೇ ಅವಳ ಪಕ್ಕ ಕೂತು ಕೇಳಿ. ಬೇರೆ ಯಾರೂ ಇಲ್ಲದಾಗ, ಮಗು ನಿಮ್ಮ ಮಡಿಲಲ್ಲಿರುವಾಗ. ಸುತ್ತಿ ಬಳಸಿ ಬೇಡ, ನೇರವಾಗಿ ಕೇಳಿ: 'ಮೊನ್ನೆ ಹಾಗೆ ಅಂದ್ಯಲ್ಲ, ಸತ್ತುಹೋಗಬೇಕು ಅಂತ ಅನ್ನಿಸ್ತಿದೆಯಾ? ಹೇಗೆ, ಯಾವಾಗ ಅಂತ ಏನಾದ್ರೂ ಯೋಚನೆ ಬಂದಿದೆಯಾ? ಮಗುಗೆ ಏನಾದ್ರೂ ಮಾಡಿಬಿಡ್ತೀನಿ ಅಂತ ಅನ್ನಿಸುತ್ತಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗಲ್ಲ. ಒಳಗೇ ಇಟ್ಟುಕೊಂಡು ಒದ್ದಾಡುತ್ತಿದ್ದವರಿಗೆ ಯಾರೋ ಕೇಳಿದರಲ್ಲ ಅಂತ ಎದೆ ಹಗುರಾಗುತ್ತದೆ. ನಾನು ದಿನಾ ಕೇಳುವ ಪ್ರಶ್ನೆ ಇದು. ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡವರನ್ನು ನೋಡಿಲ್ಲ.

ಅವಳು 'ಹೌದು' ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಅವಳನ್ನಾಗಲಿ, ಅವಳ ಹತ್ತಿರ ಮಗುವನ್ನಾಗಲಿ ಒಂಟಿಯಾಗಿ ಬಿಡಬೇಡಿ. ತೆಂಗಿಗೆ ಹೊಡೆಯುವ ಔಷಧಿ ಡಬ್ಬ, ಮನೆಯಲ್ಲಿರುವ ಮಾತ್ರೆಗಳು ಎಲ್ಲ ಬೀಗದೊಳಗೆ ಹೋಗಲಿ. ಅವತ್ತೇ ಆಸ್ಪತ್ರೆಗೆ ಹೊರಡಿ. ರಾತ್ರಿಯಾದರೂ ಸರಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. 'ಇಲ್ಲ, ಸುಮ್ನೆ ಸಾಕಾಗಿ ಅಂದೆ' ಅಂದರೂ ಈ ವಾರದೊಳಗೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಸನ್ನಿಯ ವಿಚಾರ. ನಮ್ಮ ಅಜ್ಜಿಯರು 'ಬಾಣಂತಿ ಸನ್ನಿ' ಅಂತ ಹೆಸರಿಟ್ಟಿದ್ದರು ಅಂದರೆ, ಹೆರಿಗೆಯಾದವಳ ಮನಸ್ಸು ಕೆಡಬಹುದು ಅನ್ನೋದು ಅವರಿಗೆ ಗೊತ್ತಿತ್ತು ಅಂತಾಯ್ತು. ಅವರು ನೋಡಿ ಹೆಸರಿಟ್ಟ ಕಾಯಿಲೆ ಮಾತ್ರ ಬೇರೆ. ಅದು ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರದಲ್ಲೇ ಧುತ್ತನೆ ಬರುತ್ತದೆ. ನಿದ್ದೆ ಪೂರ್ತಿ ಹೋಗುತ್ತದೆ, ಆದರೂ ಸುಸ್ತು ಕಾಣಲ್ಲ. ಮಾತಿಗೆ ಮಾತು ಸೇರಲ್ಲ. ಮಗು ಬದಲಾಯಿಸಿಬಿಟ್ಟಿದ್ದಾರೆ, ಅನ್ನಕ್ಕೆ ಏನೋ ಹಾಕಿದ್ದಾರೆ ಅಂತ ಅನುಮಾನ. ಯಾರೋ ಕಿವಿಯಲ್ಲಿ ಮಾತಾಡಿದ ಹಾಗೆ ಕೇಳಿಸುತ್ತದೆ. ಈಗ ನಗು, ಅರ್ಧ ಗಂಟೆಗೆ ಕಿರುಚಾಟ. ಸಾವಿರ ಹೆರಿಗೆಗೆ ಒಬ್ಬರಿಬ್ಬರಿಗೆ ಮಾತ್ರ ಬರುತ್ತದೆ, ಬಂದರೆ ಮಾತ್ರ ಒಂದು ದಿನವೂ ಕಾಯುವ ಹಾಗಿಲ್ಲ. ನಿಮ್ಮ ಪತ್ರದಲ್ಲಿ ಇದ್ಯಾವುದೂ ಕಾಣಲಿಲ್ಲ. ಮುಂದೆ ಕಂಡರೆ ತಡಮಾಡಬೇಡಿ, ಅಷ್ಟೇ.

ಮೊದಲ ವಾರದ ಅಳು ಇನ್ನೊಂದು ಬಗೆ. ಮೂರನೇ, ನಾಲ್ಕನೇ ದಿನಕ್ಕೆ ಎದೆಹಾಲು ಇಳಿಯುವ ಹೊತ್ತಿಗೆ ಕಾರಣವಿಲ್ಲದೆ ಕಣ್ಣೀರು ಬರುತ್ತದೆ. ಅರ್ಧಕ್ಕಿಂತ ಜಾಸ್ತಿ ತಾಯಂದಿರಿಗೆ ಹೀಗಾಗುತ್ತದೆ. ಹೆಚ್ಚೆಂದರೆ ಎರಡು ವಾರ. ಔಷಧಿ ಬೇಡ, ತಾನಾಗಿಯೇ ಹೋಗುತ್ತದೆ. ಎಲ್ಲರಿಗೂ ಆಗುತ್ತೆ ಅಂತ ಮೊದಲ ವಾರ ನೀವು ಸುಮ್ಮನಿದ್ದದ್ದು ಸರಿಯೇ. ಆದರೆ ಈಗ ಹತ್ತು ವಾರ ಆಗಿದೆಯಲ್ಲ. ಎರಡು ವಾರ ದಾಟಿದ ಅಳು, ನಿದ್ದೆ ಇಲ್ಲದ್ದು, ನಾನು ಯಾತಕ್ಕೂ ಬಾರದವಳು ಅನ್ನೋ ಮಾತು, ಇವೆಲ್ಲ ಸೇರಿದರೆ ನಾವು ಹೆರಿಗೆ ನಂತರದ ಖಿನ್ನತೆ ಅಂತ ನೋಡುತ್ತೇವೆ. ಅದರ ಜೊತೆಗೆ ಅವಳಿಗೆ ಆತಂಕವೂ ಇರುವ ಹಾಗಿದೆ. ನಮ್ಮ ದೇಶದಲ್ಲಿ ಸುಮಾರು ಐದು ತಾಯಂದಿರಲ್ಲಿ ಒಬ್ಬರಿಗೆ ಈ ಖಿನ್ನತೆ ಬರುತ್ತದೆ. ನಿಮ್ಮ ಬೀದಿಯಲ್ಲೇ ಲೆಕ್ಕ ಹಾಕಿ ನೋಡಿ. ಯಾರೂ ಹೇಳಿಕೊಂಡಿರಲ್ಲ, ಅಷ್ಟೇ.

ಮೆಟ್ಟಿಲಿನ ವಿಚಾರ ಒಂದು ಹೇಳಬೇಕು. 'ಕೈ ಜಾರಿಬಿಟ್ಟರೆ' ಅನ್ನೋ ಯೋಚನೆ ಕೇಳಿ ನೀವು ಹೆದರಿದ್ದೀರಿ. ಅಂಥ ಯೋಚನೆ ಎಳೆಮಗುವಿನ ತಾಯಂದಿರಿಗೆ ಬೇಡಬೇಡವೆಂದರೂ ನುಗ್ಗುತ್ತದೆ. ಅವಳು ಏನು ಮಾಡುತ್ತಿದ್ದಾಳೆ ನೋಡಿ: ಮೆಟ್ಟಿಲಿನ ಕಡೆಗೇ ಹೋಗುತ್ತಿಲ್ಲ. ಆ ಯೋಚನೆಗೆ ಎಲ್ಲರಿಗಿಂತ ಜಾಸ್ತಿ ಹೆದರಿರುವವಳು ಅವಳೇ. ಮಗುವಿಗೆ ಏನಾದರೂ ಆಗಲಿ ಅಂತ ಬಯಸುವವರು ರಾತ್ರಿ ಹತ್ತು ಸಲ ಎದ್ದು ಉಸಿರು ನೋಡಲ್ಲ. ಇದು ಹೆಚ್ಚಾಗಿ ಆತಂಕದ ಲಕ್ಷಣ. ಆದರೂ ಎದುರು ಕೂತು ಮಾತಾಡದೆ ಖಚಿತವಾಗಿ ಹೇಳುವ ಹಾಗಿಲ್ಲ, ಅದಕ್ಕೇ ಡಾಕ್ಟರಿಗೆ ತಪ್ಪದೆ ಹೇಳಿ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು 'ಮಗು ಮಲಗಿದರೂ ಇವಳು ಮಲಗಲ್ಲ' ಅನ್ನೋದು. ಮಗು ಎಬ್ಬಿಸಿ ನಿದ್ದೆ ಕೆಟ್ಟರೆ ಅದು ಎಲ್ಲ ಬಾಣಂತಿಯರ ಪಾಡು. ಮಗು ಗೊರಕೆ ಹೊಡೆಯುತ್ತಿದ್ದರೂ ತಾಯಿ ಸೂರು ನೋಡುತ್ತಾ ಮಲಗಿದ್ದರೆ ಅದು ಕಾಯಿಲೆಯ ಗುರುತು. ನಿದ್ದೆ ಕೆಟ್ಟಷ್ಟೂ ಖಿನ್ನತೆ ಜಾಸ್ತಿ ಆಗುತ್ತದೆ, ಖಿನ್ನತೆ ಜಾಸ್ತಿ ಆದಷ್ಟೂ ನಿದ್ದೆ ಕೆಡುತ್ತದೆ. ಈ ಗಾಣವನ್ನು ಎಲ್ಲಾದರೂ ನಿಲ್ಲಿಸಬೇಕು. ಮನೆಯವರ ಕೈಯಲ್ಲಿ ಆಗುವ ಕೆಲಸ ಇದು.

ಹಗಲಲ್ಲಿ ಅರ್ಧ ಗಂಟೆ ಇಲ್ಲಿ, ಮುಕ್ಕಾಲು ಗಂಟೆ ಅಲ್ಲಿ ಅಂತ ಮಲಗಿದರೆ ಸಾಲಲ್ಲ. ಒಂದೇ ಸಮ ನಾಲ್ಕೈದು ಗಂಟೆ ಬೇಕು. ಹೀಗೆ ಮಾಡಿ ನೋಡಿ. ರಾತ್ರಿ ಒಂಬತ್ತೂವರೆಗೆ ಅವಳು ಹಾಲು ಕುಡಿಸಲಿ. ಕುಡಿಸಿದ ಕೂಡಲೇ ಮಗು ನಿಮ್ಮ ಕೋಣೆಗೆ. ಅವಳ ಕೋಣೆಯ ಬಾಗಿಲು ಮುಂದಕ್ಕೆ ಹಾಕಿಬಿಡಿ. ರಾತ್ರಿ ಎಂಟೂವರೆ ಹೊತ್ತಿಗೆ ಅವಳು ಸ್ವಲ್ಪ ಹಾಲು ಹಿಂಡಿ, ಕುದಿಸಿ ತೊಳೆದ ಸ್ಟೀಲ್ ಲೋಟದಲ್ಲಿ ಮುಚ್ಚಿ ಇಟ್ಟಿರಲಿ. ನಮ್ಮ ಕಡೆಯ ಸೆಕೆಗೆ ಹೊರಗೆ ಇಟ್ಟ ಎದೆಹಾಲನ್ನು ನಾಲ್ಕು ಗಂಟೆಯೊಳಗೆ ಬಳಸಿಬಿಡಬೇಕು, ಫ್ರಿಜ್ ಇದ್ದರೆ ಅದರಲ್ಲಿಡಿ. ಹನ್ನೆರಡು ಗಂಟೆಗೆ ಮಗು ಅತ್ತರೆ ಒಳಲೆಯಲ್ಲಿ ನೀವೇ ಕುಡಿಸಿ. ಒಳಲೆ ಹಿಡಿಯೋದು ನಿಮಗೆ ನಾನು ಹೇಳಿಕೊಡಬೇಕಾ! ಹಾಲು ಹಿಂಡೋದು ಅವಳಿಗೆ ಒಗ್ಗದಿದ್ದರೆ ಬಲವಂತ ಬೇಡ. ಹಸಿವಾದಾಗ ಮಗುವನ್ನು ಅವಳ ಪಕ್ಕ ತನ್ನಿ, ಕುಡಿದ ತಕ್ಷಣ ಎತ್ತಿಕೊಂಡು ಹೋಗಿ. ತೇಗು ತರಿಸೋದು, ಬಟ್ಟೆ ಬದಲಾಯಿಸೋದು, ತಟ್ಟಿ ಮಲಗಿಸೋದು ನಿಮ್ಮ ಪಾಲಿಗೆ. ಹಾಲು ಕುಡಿಸೋಕೆ ಬಿಟ್ಟರೆ ಬೇರೆ ಯಾವುದಕ್ಕೂ ಎರಡೂವರೆ ತನಕ ಅವಳನ್ನು ಯಾರೂ ಎಬ್ಬಿಸಬಾರದು.

ಹಾಗಂತ ರಾತ್ರಿಯೆಲ್ಲ ನೀವೊಬ್ಬರೇ ಎದ್ದಿರೋದು ಬೇಡ. ಬೆಳಗಿನ ಜಾವ ಐದರಿಂದ ಏಳು ನಿಮ್ಮ ಯಜಮಾನರ ಪಾಳಿ. ಜವಾಬ್ದಾರಿ ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋದು ಅವರದೇ ಮಾತು ತಾನೇ? ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಓಡಾಡಲಿ. ನೀವು ಆ ಎರಡು ಗಂಟೆ ಮಲಗಿ.

ಮಗು ಕೈಯಿಂದ ಹೋಗಿ, ಬಾಗಿಲು ಹಾಕಿ, ನಾಲ್ಕು ರಾತ್ರಿ ಹೀಗೆ ಮಾಡಿದರೂ ಅವಳಿಗೆ ನಿದ್ದೆ ಬರದಿದ್ದರೆ, ಅದನ್ನೇ ಡಾಕ್ಟರಿಗೆ ಹೇಳಿ. ಉಳಿದೆಲ್ಲ ಲಕ್ಷಣಕ್ಕಿಂತ ಅದು ಅವರಿಗೆ ಜಾಸ್ತಿ ತಿಳಿಸುತ್ತದೆ.

ಇನ್ನು 'ನಾವೂ ಮೂರು ಹೆತ್ತಿದ್ದೀವಿ.' ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ನಮ್ಮ ಅಮ್ಮನೂ ಇದೇ ಮಾತು ಹೇಳಿದವರೇ. ಧೈರ್ಯ ತುಂಬೋಕೆ ಅಂತಲೇ ಹೇಳಿರುತ್ತೀರಿ. ಅವಳಿಗೆ ಕೇಳಿಸೋದು ಮಾತ್ರ 'ಎಲ್ಲರ ಕೈಲೂ ಆಗುತ್ತೆ, ನಿನ್ನ ಕೈಲಿ ಮಾತ್ರ ಆಗ್ತಿಲ್ಲ' ಅಂತ. ಅವಳ ಕಾಯಿಲೆ ಹಗಲೂ ರಾತ್ರಿ ಅವಳಿಗೆ ಹೇಳುತ್ತಿರೋದೂ ಅದನ್ನೇ. ಈಗ ಅಮ್ಮನೂ ಅದೇ ಕಡೆ ಸೇರಿದ ಹಾಗಾಯ್ತು.

ಒಮ್ಮೆ ಕ್ಲಿನಿಕ್ಕಿಗೆ ಒಬ್ಬ ಬಾಣಂತಿ ಬಂದಿದ್ದಳು. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಕಾಲಿಗೆ ಸಾಕ್ಸ್, ಮೇಲೆ ಶಾಲು. ಅಮ್ಮ ಪಕ್ಕದಲ್ಲೇ ಇದ್ದರು. ನಾನು ಅವಳನ್ನು ಏನು ಕೇಳಿದರೂ ಉತ್ತರ ಅಮ್ಮನಿಂದ ಬರುತ್ತಿತ್ತು. ಊಟ ಮಾಡ್ತೀಯಾಮ್ಮ ಅಂದರೆ, 'ಮಾಡ್ತಾಳೆ ಸಾರ್, ಸಬ್ಬಸಿಗೆ ಸೊಪ್ಪು, ಮೆಣಸಿನ ಸಾರು, ತುಪ್ಪ ಎಲ್ಲ ಹಾಕ್ತೀನಿ.' ನಿದ್ದೆ ಬರುತ್ತಾ ಅಂದರೆ, 'ಎಣ್ಣೆ ನೀರು ಹಾಕಿ ಮಲಗಿಸ್ತೀನಿ ಸಾರ್.' ಕೊನೆಗೆ ಅಮ್ಮನನ್ನು ಹೊರಗೆ ಕೂರಿಸಿ ಕೇಳಿದೆ. ಆ ಹುಡುಗಿ ಕಿವಿಯ ಹತ್ತಿ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ನಲವತ್ತು ನಿಮಿಷ ಒಂದೇ ಸಮ ಮಾತಾಡಿದಳು. ಅವಳ ಮೈಗೆ ಆ ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಮಾತು ಕೇಳುವವರೇ ಇರಲಿಲ್ಲ.

ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ತವರಲ್ಲಿ ಇರೋದು, ಅಡುಗೆ-ಪಾತ್ರೆಯ ಗೋಳಿಲ್ಲದಿರೋದು, ಬಿಸಿನೀರಿನ ಸ್ನಾನ ಎಲ್ಲ ಇರಲಿ. ಎರಡು ಮೂರು ವಿಷಯ ಮಾತ್ರ ಬದಲಾಗಬೇಕು. ಕಿಟಕಿ ತೆಗೆಯಿರಿ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಕೂತರೆ ಚೆನ್ನಾಗಿದ್ದವರ ಮನಸ್ಸೂ ಮುದುಡುತ್ತದೆ. ಬೆಳಗ್ಗೆ ಅರ್ಧ ಗಂಟೆ ಹಿತ್ತಲಲ್ಲಿ, ತೋಟದಲ್ಲಿ ನಿಧಾನಕ್ಕೆ ಓಡಾಡಲಿ, ಮಗು ನಿಮ್ಮ ಹತ್ತಿರ ಇರಲಿ. ನೀರು ಬಾಯಾರಿಕೆಯಾದಷ್ಟೂ ಕೊಡಿ. ಹಾಲು ಕುಡಿಸುವವಳಿಗೆ ನೀರು ಅಳೆದು ಕೊಟ್ಟರೆ ತಲೆನೋವು, ಮಲಬದ್ಧತೆ, ಸುಸ್ತು ಎಲ್ಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಬೇಡ, ಅದು ಮಗುವಿನ ಎದೆಗೆ ಒಳ್ಳೆಯದಲ್ಲ.

ಮಗಳ ಮಾತು ಕೇಳೋದು ಅಂದರೆ ಸಲಹೆ ಕೊಡೋದು ಅಂತ ಅಲ್ಲ. ಅವಳು 'ನನ್ನ ಕೈಲಿ ಆಗಲ್ಲಮ್ಮ' ಅಂದಾಗ 'ಆಗುತ್ತೆ ಬಿಡು' ಅನ್ನದೆ 'ತುಂಬಾ ಕಷ್ಟ ಆಗ್ತಿದೆ ಅಲ್ವಾ?' ಅಂತ ಅಂದು ಸುಮ್ಮನಾಗಿ. ಆಮೇಲೆ ಬರುವ ಮೌನ ನಿಮಗೆ ಹಿಂಸೆ ಆಗುತ್ತದೆ. ತುಂಬಲು ಹೋಗಬೇಡಿ. ಮೊನ್ನೆ ಅಂದ ಮಾತಿಗೆ 'ನಿನ್ನ ಕಷ್ಟ ನನಗೆ ಗೊತ್ತಾಗಲಿಲ್ಲ ಕಣೆ, ತಪ್ಪಾಯ್ತು' ಅಂದುಬಿಡಿ. ಅಮ್ಮಂದಿರು ತಪ್ಪಾಯ್ತು ಅನ್ನೋದು ನಮ್ಮಲ್ಲಿ ಅಪರೂಪ, ಆದ್ದರಿಂದ ಅದಕ್ಕೆ ತೂಕ ಜಾಸ್ತಿ.

ಬರೀ ಮಾತು ಕೇಳಿದರೆ ಕಾಯಿಲೆ ವಾಸಿಯಾಗುತ್ತಾ ಅಂತ ನಿಮ್ಮ ಯಜಮಾನರು ಕೇಳಬಹುದು. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಿನ ಹಳ್ಳಿಗಳ ಕಥೆ ಹೇಳಿ. ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರ ಥರದ ಹೆಂಗಸರಿಗೆ ತರಬೇತಿ ಕೊಟ್ಟು, ಖಿನ್ನತೆ ಇದ್ದ ಗರ್ಭಿಣಿಯರ ಮನೆಗೆ ಕಳಿಸಿದರು. ಹೆರಿಗೆಯಾದ ಮೇಲೂ ಅವರು ಹೋಗುತ್ತಿದ್ದರು. ಕೂತು ಮಾತಾಡೋದು, ಕೇಳೋದು, ತಲೆಯಲ್ಲಿ ಸುತ್ತುವ ಕೆಟ್ಟ ಯೋಚನೆಯನ್ನು ಬೇರೆ ಕಡೆಯಿಂದ ನೋಡಲು ಕಲಿಸೋದು, ಮನೆಯವರನ್ನೂ ಜೊತೆಗೆ ಕೂರಿಸೋದು. 2008ರಲ್ಲಿ ಅದರ ಫಲಿತಾಂಶ ಬಂತು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಈ ನೆರವು ಸಿಕ್ಕ ತಾಯಂದಿರಲ್ಲಿ ನೂರಕ್ಕೆ 23 ಜನರಿಗೆ ಖಿನ್ನತೆ ಉಳಿದಿತ್ತು. ಮನೆಗೆ ಬಂದುಹೋದರೂ ಈ ಬಗೆಯ ಮಾತುಕತೆ ಇಲ್ಲದವರಲ್ಲಿ 53. ಮಾತ್ರೆಯ ಕೆಲಸ ಇದರಲ್ಲಿ ಇರಲಿಲ್ಲ.

ಹಾಗಾದರೆ ನಿಮ್ಮ ಮಗಳಿಗೆ ಮಾತ್ರೆ ಬೇಡವೇ? ಅದು ಕಾಯಿಲೆ ಎಷ್ಟಿದೆ ಅನ್ನೋದರ ಮೇಲೆ. ಕಮ್ಮಿ ಇದ್ದರೆ ಕೌನ್ಸೆಲಿಂಗ್, ನಿದ್ದೆ, ಮನೆಯವರ ಆಸರೆ ಸಾಕಾಗಬಹುದು. ಸಾಯುವ ಮಾತು ಬಂದಿದೆ, ಹತ್ತು ವಾರದಿಂದ ನಿದ್ದೆ ಇಲ್ಲ ಅಂದರೆ ಮಾತ್ರೆ ಬೇಕಾಗುವ ಸಾಧ್ಯತೆ ಜಾಸ್ತಿ. ಹಾಲು ಬಿಡಿಸುವ ಅಗತ್ಯ ಸಾಮಾನ್ಯವಾಗಿ ಬರಲ್ಲ. ಸರ್ಟ್ರಲೀನ್ ಥರದ ಔಷಧಿ ಎದೆಹಾಲಿಗೆ ಹೋಗೋದು ತೀರಾ ಅಲ್ಪ, ಹಾಲು ಕುಡಿಸುವ ತಾಯಂದಿರಿಗೆ ನಾವು ಮೊದಲು ಯೋಚಿಸುವ ಔಷಧಿಗಳಲ್ಲಿ ಅದೂ ಒಂದು. ಎಲ್ಲ ಔಷಧಿಗೂ ಈ ಮಾತು ಅನ್ವಯಿಸಲ್ಲ, ಆದ್ದರಿಂದ ಹಾಲು ಕುಡಿಸುತ್ತಿದ್ದಾಳೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಮೆಡಿಕಲ್ ಶಾಪಿನಿಂದ ನೀವಾಗಿಯೇ ನಿದ್ದೆ ಮಾತ್ರೆ ತರಬೇಡಿ. ಡಾಕ್ಟರ್ ಕೊಡುವ ಸರ್ಟ್ರಲೀನ್ ಥರದ ಖಿನ್ನತೆಯ ಮಾತ್ರೆಗಳು ಚಟ ಹತ್ತಿಸುವಂಥವಲ್ಲ. ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. 'ಹತ್ತು ದಿನ ಕೊಟ್ಟೆವು, ಏನೂ ಆಗಲಿಲ್ಲ' ಅಂತ ಬಿಟ್ಟವರು, 'ಗೆಲುವಾದಳು, ಇನ್ಯಾಕೆ' ಅಂತ ಬಿಟ್ಟವರು, ಇಬ್ಬರೂ ಮತ್ತೆ ಬರುತ್ತಾರೆ. ಹುಷಾರಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಆಮೇಲೆ ನಿಧಾನಕ್ಕೆ ಇಳಿಸಬೇಕು. ಮೊದಲ ಸಲ ಹೋದಾಗಲೇ ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಹೆರಿಗೆ ನಂತರ ಥೈರಾಯ್ಡ್ ಏರುಪೇರಾದರೂ, ರಕ್ತ ಕಮ್ಮಿಯಾದರೂ ಹೀಗೇ ಕಾಣಿಸಬಹುದು.

ಗಾಳಿ, ದಾರದ ವಿಚಾರ. ದೇವಸ್ಥಾನಕ್ಕೆ ಹೋಗಿ ಬನ್ನಿ, ನಿಮಗೆ ಸಮಾಧಾನ ಆಗುವುದಾದರೆ ದಾರವನ್ನೂ ಕಟ್ಟಿ. ಉಪವಾಸ, ಹೊಗೆ, ಹೊಡೆತ ಇಲ್ಲದಿದ್ದರೆ ನನ್ನ ತಕರಾರಿಲ್ಲ. 'ದಾರ ಕಟ್ಟಿದ್ದೇವೆ, ಒಂದು ತಿಂಗಳು ನೋಡೋಣ' ಅಂತ ಮಾತ್ರ ಕೂರಬೇಡಿ.

ಅಳಿಯನ ವಿಚಾರ ನೀವು ಬರೆದೇ ಇಲ್ಲ. ಬಾಣಂತನದ ಲೆಕ್ಕದಲ್ಲಿ ಅಳಿಯ ಅಂದರೆ ವಾರಕ್ಕೊಮ್ಮೆ ಬರುವ ನೆಂಟ. ಬರುತ್ತಾನೆ, ಹೋಳಿಗೆ ಉಣ್ಣುತ್ತಾನೆ, ಮಗುವಿನ ಫೋಟೊ ತೆಗೆಯುತ್ತಾನೆ, ಹೋಗುತ್ತಾನೆ. ತಪ್ಪು ಅವನದೊಂದೇ ಅಲ್ಲ, ನಾವೇ ಅವನಿಗೆ ಕೆಲಸ ಕೊಡಲ್ಲ. ಬೀಗರಿಗಿಂತ ಮೊದಲು ಅವನಿಗೆ ತಿಳಿಯಬೇಕು, ಅದೂ ಮಗಳಿಗೆ ಹೇಳಿಯೇ. 'ನಿಮ್ಮ ಯಜಮಾನರಿಗೆ ನಾನು ಹೇಳಲಾ, ನೀನೇ ಹೇಳ್ತೀಯಾ?' ಅಂತ ಕೇಳಿ. ಅವನ ಹತ್ತಿರ ಮಾತಾಡುವಾಗ ದೂರು ಬೇಡ, ಕೆಲಸ ಹೇಳಿ. ಡಾಕ್ಟರ್ ಹತ್ತಿರ ಹೋಗುವ ದಿನ ರಜೆ ಹಾಕಿ ಬರಲಿ. ಶನಿವಾರ ರಾತ್ರಿ ಮಗು ಅವನ ಪಕ್ಕದಲ್ಲಿ ಮಲಗಲಿ. ದಿನಾ ಫೋನ್ ಮಾಡಿದಾಗ 'ಮಗು ಹಾಲು ಕುಡಿತಾ' ಅನ್ನೋ ಮೊದಲು 'ನೀನು ರಾತ್ರಿ ಎಷ್ಟು ಹೊತ್ತು ಮಲಗಿದೆ' ಅಂತ ಕೇಳಲಿ. ಗಂಡಸರಿಗೂ ಮಗುವಾದ ಮೇಲೆ ಖಿನ್ನತೆ ಬರೋದುಂಟು, ಅವನ ಮುಖವನ್ನೂ ಒಮ್ಮೆ ಗಮನಿಸಿ.

ಬೀಗರಿಗೆ ಹೇಳುವ ಜವಾಬ್ದಾರಿ ಅವನಿಗೇ ಬಿಡಿ. ಎಷ್ಟು ಹೇಳಬೇಕು ಅನ್ನೋದು ಗಂಡ ಹೆಂಡತಿ ಸೇರಿ ತೀರ್ಮಾನಿಸಲಿ. 'ಹೆರಿಗೆ ಆದ ಮೇಲೆ ಮೈಗೆ ಸರಿ ಇಲ್ಲ, ಚಿಕಿತ್ಸೆ ನಡೀತಿದೆ, ಇನ್ನೊಂದೆರಡು ತಿಂಗಳು ಇಲ್ಲೇ ಇರ್ತಾಳೆ' ಅಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಆ ಕಡೆಯಿಂದ ಹೆಣ್ಣು ಮಗು ಅಂತ ಏನಾದರೂ ಮಾತು ಬಂದಿದೆಯಾ? ನೀವು ಬರೆದಿಲ್ಲ, ಆದರೂ ಕೇಳುತ್ತಿದ್ದೇನೆ. ಗೋವಾದ ತಾಯಂದಿರ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಡತನ, ಗಂಡ ಹೆಂಡಿರ ನಡುವಿನ ಬಿರುಕಿನ ಜೊತೆಗೆ ಹುಟ್ಟಿದ್ದು ಹೆಣ್ಣೋ ಗಂಡೋ ಅನ್ನೋದೂ ತಾಯಿಯ ಖಿನ್ನತೆಯ ಲೆಕ್ಕಕ್ಕೆ ಬಂದಿತ್ತು. ಯಾರೋ 'ಇರಲಿ ಬಿಡು, ಮುಂದಿನ ಸಲ ಗಂಡಾಗುತ್ತೆ' ಅಂದಿದ್ದರೂ ಅವಳಿಗೆ ಚುಚ್ಚಿರುತ್ತದೆ. ಆ ಮಾತು ನಿಮ್ಮ ಮನೆಯಲ್ಲೇ ಬಂದಿರಬಹುದು.

ನಿಮ್ಮ ಯಜಮಾನರ ಸಲಹೆ ಸದ್ಯಕ್ಕೆ ಬೇಡ. ಜ್ವರ ಬಂದವರನ್ನು ಗದ್ದೆ ಕೆಲಸಕ್ಕೆ ಕಳಿಸಿದರೆ ಜ್ವರ ಬಿಡುತ್ತಾ? ಅಲ್ಲಿ ಹೋದರೆ ಇಷ್ಟೇ ಕಷ್ಟ, ಜೊತೆಗೆ ಮುಖ ಗೆಲುವಾಗಿಟ್ಟುಕೊಳ್ಳುವ ಕಷ್ಟ. ಅವಳಾಗಿಯೇ ಗಂಡನ ಜೊತೆ ಇರಬೇಕು ಅಂದರೆ ಅದು ಬೇರೆ ವಿಚಾರ, ಆಗ ಡಾಕ್ಟರ್ ಜೊತೆ ಮಾತಾಡಿ ತೀರ್ಮಾನಿಸಿ.

ಎಲ್ಲಿಗೆ ಹೋಗೋದು? ನಿಮಗೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ, ಅಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ದಿನ ಇರುತ್ತದೆ, ಅರಸೀಕೆರೆ ಆಸ್ಪತ್ರೆಯಲ್ಲಿ ಯಾವ ದಿನ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾಯಿಲೆ ತೀವ್ರವಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿ 2009ರಿಂದ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ನಡೆಯುತ್ತಿದೆ, ನಮ್ಮ ದೇಶದಲ್ಲಿ ಅಂಥದ್ದು ಶುರುವಾಗಿದ್ದು ಅಲ್ಲೇ. ನಡುರಾತ್ರಿ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಸೇವೆ ಇದೆ, ನಂಬರ್ 14416. ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗಳೇ ಮಾತಾಡಬೇಕು ಅಂತಿಲ್ಲ, ನೀವೂ ಮಾಡಬಹುದು.

ಆಸ್ಪತ್ರೆಯಲ್ಲಿ ಅವಳಿಗೆ ಒಂದು ಕಾಗದ ಕೊಡಬಹುದು. ಹತ್ತು ಪ್ರಶ್ನೆ ಇರುತ್ತದೆ, ಕಳೆದ ಏಳು ದಿನ ಹೇಗಿತ್ತು ಅಂತ. ಸ್ಕಾಟ್ಲೆಂಡಿನ ಎಡಿನ್‌ಬರದಲ್ಲಿ 1987ರಲ್ಲಿ ಮಾಡಿದ್ದು, ಕನ್ನಡದಲ್ಲೂ ಇದೆ. ನಗುವ ವಿಷಯಕ್ಕೆ ನಗು ಬಂತಾ ಅಂತ ಶುರುವಾಗಿ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ ಅನ್ನೋದರಲ್ಲಿ ಮುಗಿಯುತ್ತದೆ. ಅದನ್ನು ತುಂಬುವಾಗ ನೀವು ಪಕ್ಕ ಕೂತು ಇಣುಕಬೇಡಿ. ಮಗುವನ್ನು ಎತ್ತಿಕೊಂಡು ಕಾರಿಡಾರಿಗೆ ಹೋಗಿಬಿಡಿ.

ಹೊರಡುವಾಗ ತಾಯಿ ಕಾರ್ಡ್, ಸಿಸೇರಿಯನ್ ಆದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಈಗ ತಗೊಳ್ಳುತ್ತಿರುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯ ಪಟ್ಟಿ ಇಟ್ಟುಕೊಳ್ಳಿ. ಮಗುವನ್ನು ಬಿಟ್ಟು ಹೋಗಬೇಡಿ. ಹಾಲಿನ ಹೊತ್ತಾದರೆ ಅವಳು ಒಳಗೆ ಚಡಪಡಿಸುತ್ತಾಳೆ. ಎರಡು ಜೊತೆ ಬಟ್ಟೆ, ಒಳಲೆ, ಒಂದು ಬಾಟಲಿ ನೀರು. ನೀರು ಮಗಳಿಗೆ.